ಎಕ್ಸಾಟಿಕ್ ಶಾರ್ಟ್‌ಹೇರ್: ಗಿಡ್ಡವಾಗಿದ್ದು ಕೂದಲು ಮಾತ್ರ

ಪರ್ಷಿಯನ್ ಬೆಕ್ಕಿನ ಮುಖ ಇಷ್ಟ, ಆದರೆ ದಿನಾ ಕೂತು ಬಾಚಲು ಪುರುಸೊತ್ತಿಲ್ಲ ಅನ್ನುವವರಿಗೆ ಅಂಗಡಿಯವರು ತೋರಿಸುವ ತಳಿ ಎಕ್ಸಾಟಿಕ್ ಶಾರ್ಟ್‌ಹೇರ್. ಗುಂಡು ತಲೆ, ಗುಂಡು ಕಣ್ಣು, ಒತ್ತಿ ಅಂಟಿಸಿದಂತಹ ಮೂಗು, ಗಿಡ್ಡ ಕಾಲು, ಮೈತುಂಬ ಮಖಮಲ್ಲಿನಂತಹ ತುಪ್ಪಳ. ‘ಸೋಮಾರಿಗಳ ಪರ್ಷಿಯನ್’ ಎಂಬ ಅಡ್ಡಹೆಸರೂ ಇದಕ್ಕಿದೆ. ಆ ಹೆಸರು ಅರ್ಧ ನಿಜ. ತುಪ್ಪಳದ ಕೆಲಸ ಕಡಿಮೆಯಾಗಿರುವುದು ಹೌದು, ಮುಖದ ಕೆಲಸ ಒಂದಿಷ್ಟೂ ಕಡಿಮೆಯಾಗಿಲ್ಲ. ಈ ಬೆಕ್ಕು ಸಾಕುವುದೆಂದರೆ ಮುಖ್ಯವಾಗಿ ಅದರ ಮುಖವನ್ನು ಸಾಕುವುದು.

ತಳಿ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿಯ ಅಮೆರಿಕನ್ ಶಾರ್ಟ್‌ಹೇರ್ ಸಾಕಣೆದಾರರು ತಮ್ಮ ಬೆಕ್ಕುಗಳಿಗೆ ಬೆಳ್ಳಿ ಬಣ್ಣ, ದುಂಡು ಮೈಕಟ್ಟು ತರಲು ಸದ್ದಿಲ್ಲದೆ ಪರ್ಷಿಯನ್ ರಕ್ತ ಬೆರೆಸತೊಡಗಿದ್ದರು. ಮರಿಗಳು ಚೆಂದವಾಗಿದ್ದವು, ಆದರೆ ಅವು ಅಮೆರಿಕನ್ ಶಾರ್ಟ್‌ಹೇರ್ ಆಗಿ ಉಳಿದಿರಲಿಲ್ಲ. ಹೀಗೆ ಹುಟ್ಟಿದ ಬೆಕ್ಕುಗಳಿಗೆ ಬೇರೆ ಹೆಸರನ್ನೇ ಕೊಟ್ಟುಬಿಡೋಣ ಎಂದು 1966ರಲ್ಲಿ ಸೂಚಿಸಿದವರು ಅಮೆರಿಕದ ಬೆಕ್ಕು ನೋಂದಣಿ ಸಂಸ್ಥೆ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್‌ನ ತೀರ್ಪುಗಾರ್ತಿ ಜೇನ್ ಮಾರ್ಟಿಂಕೆ. ಮರುವರ್ಷ, 1967ರಲ್ಲಿ, ಸಂಸ್ಥೆ ಒಪ್ಪಿಕೊಂಡಿತು. ಮೊದಮೊದಲು ಬೇರೆ ಗಿಡ್ಡ ಕೂದಲಿನ ತಳಿಗಳ ರಕ್ತವೂ ಸೇರಿತು. 1987ರ ನಂತರ ಹೊರಗಿನಿಂದ ಬೆರೆಸಲು ಪರ್ಷಿಯನ್ ಒಂದಕ್ಕೇ ಅನುಮತಿ ಉಳಿಯಿತು. ಹಾಗಾಗಿ ಇವತ್ತಿನ ಎಕ್ಸಾಟಿಕ್ ಅಂದರೆ ಗಿಡ್ಡ ಕೂದಲಿನ ಪರ್ಷಿಯನ್ ಎಂದೇ ತಿಳಿಯಬೇಕು. ಪರ್ಷಿಯನ್‌ಗೆ ಬರುವ ಕಾಯಿಲೆಗಳೆಲ್ಲ ಇದಕ್ಕೂ ಬರುತ್ತವೆ.

ಕೂದಲಿನ ಲೆಕ್ಕ ಸರಳ. ಗಿಡ್ಡ ಕೂದಲಿನ ಗುಣ ಪ್ರಬಲ, ಉದ್ದ ಕೂದಲಿನ ಗುಣ ಅಡಗಿ ಕೂರುವಂಥದ್ದು. ತಂದೆ ತಾಯಿ ಇಬ್ಬರಲ್ಲೂ ಉದ್ದ ಕೂದಲಿನ ಗುಣ ಒಂದೊಂದು ಪಾಲು ಅಡಗಿದ್ದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಉದ್ದ ಕೂದಲಿನದಾಗಿ ಹುಟ್ಟುತ್ತದೆ. ಇಬ್ಬರು ಗಿಡ್ಡ ಕೂದಲಿನವರಿಗೆ ಪರ್ಷಿಯನ್‌ನಂತಹ ಮರಿ ಹುಟ್ಟಿದೆಯೆಂದರೆ ಅಲ್ಲಿ ಮೋಸ ನಡೆದಿದೆ ಎಂದು ಅರ್ಥವಲ್ಲ.

ಇನ್ನು ಮುಖದ ವಿಷಯ. ಆಯ್ದು ಆಯ್ದು ಕೂಡಿಸುತ್ತ ಬಂದಂತೆ ತಲೆಬುರುಡೆಯ ಮುಂಭಾಗದ ಮೂಳೆ ಗಿಡ್ಡವಾಯಿತು. ಆದರೆ ಅದರೊಳಗಿನ ಅಂಗುಳು, ಮೂಗಿನೊಳಗಿನ ಸುರುಳಿ ಎಲುಬುಗಳು, ಕಣ್ಣೀರಿನ ನಾಳ, 30 ಹಲ್ಲು, ಮೇಲಿನ ಚರ್ಮ ಇವು ಯಾವುವೂ ಅದೇ ಅಳತೆಯಲ್ಲಿ ಕಿರಿದಾಗಲಿಲ್ಲ. ದೊಡ್ಡ ಟ್ರಂಕಿನ ಬಟ್ಟೆಯನ್ನೆಲ್ಲ ಚಿಕ್ಕ ಟ್ರಂಕಿಗೆ ತುರುಕಿದ ಹಾಗೆ ಎಲ್ಲವೂ ಒತ್ತಿಕೊಂಡು, ಮಡಚಿಕೊಂಡು ಕೂತಿವೆ. ಉಸಿರಾಟ, ಕಣ್ಣು, ಹಲ್ಲು, ಚರ್ಮ, ಬಿಸಿಲು, ಅರಿವಳಿಕೆ, ಹೀಗೆ ಈ ತಳಿಯಲ್ಲಿ ಕಾಣುವ ಹೆಚ್ಚಿನ ತೊಂದರೆಗಳ ಬೇರು ಇಲ್ಲೇ ಇದೆ.

ಮರಿ ನೋಡಲು ಹೋದಾಗ

ನಮ್ಮ ಮಾರುಕಟ್ಟೆಯಲ್ಲಿ ‘ಡಾಲ್ ಫೇಸ್’, ‘ಸೆಮಿ ಪಂಚ್’, ‘ಪಂಚ್ ಫೇಸ್’ ಎಂಬ ಮಾತುಗಳು ಓಡಾಡುತ್ತವೆ. ಮುಖ ಚಪ್ಪಟೆಯಾದಷ್ಟೂ ಬೆಲೆ ಏರುತ್ತದೆ. ಹೆಚ್ಚು ದುಡ್ಡು ಕೊಟ್ಟವರಿಗೆ ಹೆಚ್ಚು ತೊಂದರೆಯ ಬೆಕ್ಕು ಸಿಗುವ ವ್ಯಾಪಾರ ಇದು. ಕೊಳ್ಳುವವರು ಇಲ್ಲಿ ಗಟ್ಟಿಯಾಗಿ ನಿಲ್ಲಬೇಕು.

ಒಂದು ಅಳತೆ ನೆನಪಿಟ್ಟುಕೊಳ್ಳಿ. ಮರಿಯ ಮುಖವನ್ನು ನೇರವಾಗಿ ಎದುರಿನಿಂದ ನೋಡಿ, ಎರಡೂ ಕಣ್ಣುಗಳ ಕೆಳರೆಪ್ಪೆಯ ಅಂಚನ್ನು ಸೇರಿಸುವ ಅಡ್ಡಗೆರೆ ಮನಸ್ಸಿನಲ್ಲೇ ಎಳೆಯಿರಿ. ಮೂಗಿನ ತುದಿಯ ಬೋಳು ಚರ್ಮದ ಮೇಲಂಚು ಆ ಗೆರೆಗಿಂತ ಕೆಳಗಿರಬೇಕು. ಬ್ರಿಟನ್ನಿನ ಬೆಕ್ಕು ನೋಂದಣಿ ಸಂಸ್ಥೆ ಜಿಸಿಸಿಎಫ್ ಈ ಗೆರೆ ದಾಟಿದ ಪರ್ಷಿಯನ್‌ಗಳಿಗೆ ಪ್ರದರ್ಶನದಲ್ಲಿ ಬಹುಮಾನ ತಡೆಹಿಡಿಯುತ್ತದೆ. ಅಮೆರಿಕದ ಮಾನದಂಡ ಹಣೆಗೂ ಮೂಗಿಗೂ ನಡುವಿನ ತಗ್ಗು ಎರಡು ಕಣ್ಣುಗಳ ನಡುಮಧ್ಯದಲ್ಲೇ ಇರಬೇಕು ಅನ್ನುತ್ತದೆ. ಸಾಕುವ ಮನೆಗೆ ಬ್ರಿಟನ್ನಿನ ಗೆರೆಯೇ ಸರಿ.

ಆಮೇಲೆ ಮೊಬೈಲ್ ಟಾರ್ಚ್ ಬಿಟ್ಟು ಮೂಗಿನ ಹೊಳ್ಳೆ ನೋಡಿ. ಅಲ್ಪವಿರಾಮದ ಚಿಹ್ನೆಯಂತೆ ತೆರೆದುಕೊಂಡಿದ್ದರೆ ಒಳ್ಳೆಯದು. ಉಗುರಿನಿಂದ ಗೀರಿದಂತೆ ಬರೀ ಸೀಳು ಕಂಡರೆ ಆ ಮರಿ ಜೀವನಪೂರ್ತಿ ಉಸಿರಿಗಾಗಿ ಶ್ರಮಪಡುತ್ತದೆ. ದಾರ ಆಡಿಸಿ ಐದು ನಿಮಿಷ ಓಡಾಡಿಸಿ. ಆಟ ನಿಲ್ಲಿಸಿದ ಮೇಲೂ ಬಾಯಿ ಮುಚ್ಚಿಕೊಂಡೇ ಉಸಿರಾಡಬೇಕು, ಗೊರಗೊರ ಸದ್ದು ಇರಬಾರದು. ತಾಯಿಯನ್ನೂ ನೋಡಲು ಕೇಳಿ. 12 ವಾರ ತುಂಬದ ಮರಿ ತರಬೇಡಿ. ಅದಕ್ಕಿಂತ ಎಳೆಯದು ಇನ್ನೂ ತಾಯಿ, ಒಡಹುಟ್ಟಿದವರ ಜೊತೆ ಕಲಿಯುವುದಿರುತ್ತದೆ, ಲಸಿಕೆಯೂ ಪೂರ್ತಿಯಾಗಿರುವುದಿಲ್ಲ.

ಉಸಿರು

ಮಲಗಿದಾಗ ಸಣ್ಣಗೆ ಗೊರಕೆ ಹೊಡೆಯುವುದು ಈ ಬೆಕ್ಕುಗಳಲ್ಲಿ ಸಾಮಾನ್ಯ. ಎಚ್ಚರವಿದ್ದಾಗಲೂ ಸದ್ದು ಬರುತ್ತಿದ್ದರೆ ಅದು ‘ಈ ತಳಿಯೇ ಹಾಗೆ’ ಎಂದು ಬಿಡುವ ಮಾತಲ್ಲ. ಹೊಳ್ಳೆ ಕಿರಿದಾಗಿರುತ್ತದೆ, ಕೆಲವಲ್ಲಿ ಮೃದು ಅಂಗುಳು ಉದ್ದವಾಗಿ ಗಂಟಲಿಗೆ ಇಳಿಬಿದ್ದಿರುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ಎಳೆಯಲು ಬಲ ಹಾಕಿದಂತೆಲ್ಲ ಗಂಟಲಿನ ಒಳಪದರ ಊದಿಕೊಂಡು ದಾರಿ ಇನ್ನೂ ಕಿರಿದಾಗುತ್ತದೆ. ತಡಮಾಡಿದಷ್ಟೂ ಕೆಡುವ ತೊಂದರೆ ಇದು. ಹೊಳ್ಳೆ ಅಗಲಿಸುವ ಶಸ್ತ್ರಚಿಕಿತ್ಸೆ ಚಿಕ್ಕದು. ಸಂತಾನಹರಣಕ್ಕೆ ಅರಿವಳಿಕೆ ಕೊಟ್ಟಾಗಲೇ ಅದನ್ನೂ ಮಾಡಿಸಿಬಿಡಬಹುದೇ ಎಂದು ವೈದ್ಯರನ್ನು ಕೇಳಿ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಒಂದಿದೆ. ಬೆಕ್ಕು ಗಾಢವಾಗಿ ಮಲಗಿರುವಾಗ ಎದೆ ಏರಿ ಇಳಿಯುವುದನ್ನು ಒಂದು ಎಂದು ಎಣಿಸಿ. 30 ಸೆಕೆಂಡಿನ ಎಣಿಕೆಯನ್ನು ಇಮ್ಮಡಿ ಮಾಡಿ. ನಿಮಿಷಕ್ಕೆ 30ರ ಒಳಗಿರಬೇಕು. ಆರೋಗ್ಯವಾಗಿರುವಾಗಲೇ ನಾಲ್ಕಾರು ದಿನ ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ನಿಮ್ಮ ಬೆಕ್ಕಿನ ಮಾಮೂಲಿ ಎಷ್ಟು ಎಂದು ಗೊತ್ತಾಗುತ್ತದೆ. ದಿನವೂ 30 ದಾಟುತ್ತಿದ್ದರೆ ವಿಡಿಯೊ ಮಾಡಿಕೊಂಡು ವೈದ್ಯರಿಗೆ ತೋರಿಸಿ. ಕಾರಣ ಮೂಗಷ್ಟೇ ಅಲ್ಲ, ಹೃದಯವೂ ಇರಬಹುದು. ಸುಮ್ಮನೆ ಕೂತ ಬೆಕ್ಕು ಬಾಯಿ ತೆರೆದು ಏದುಸಿರು ಬಿಡುವುದು ಅಥವಾ ವಸಡು ನೀಲಿಗಟ್ಟುವುದು ಕಂಡರೆ ಬೆಳಗಾಗುವವರೆಗೆ ಕಾಯಬಾರದು. ನಾಯಿ ತೇಕುವುದು ಸಹಜ, ಬೆಕ್ಕು ತೇಕುವುದು ಸಹಜವಲ್ಲ.

ಇಂಥ ಮೂಗಿಗೆ ಹೊಗೆ ಆಗದು. ಸೊಳ್ಳೆ ಬತ್ತಿ, ಸಾಂಬ್ರಾಣಿ, ಊದುಬತ್ತಿ ಹಚ್ಚುವ ಕೋಣೆಯಿಂದ ಬೆಕ್ಕನ್ನು ದೂರವಿಡಿ, ಹೊಗೆ ಪೂರ್ತಿ ಹೋದ ಮೇಲೆ ಬಿಡಿ. ಸೊಳ್ಳೆಗೆ ಕಿಟಕಿ ಜಾಲರಿಯೇ ಉತ್ತಮ. ಬೆಕ್ಕು ಹೊರಗೆ ಹಾರದಂತೆಯೂ ಅದು ಕಾಯುತ್ತದೆ. ಮರಳು ತಟ್ಟೆಗೂ ಇದೇ ಮಾತು. ದೂಳೇಳದ, ಪರಿಮಳವಿಲ್ಲದ ಮರಳು ಅಥವಾ ಮರದ ಪೆಲೆಟ್ ಬಳಸಿ, ಮುಚ್ಚಳದ ಪೆಟ್ಟಿಗೆ ಬೇಡ. ತಟ್ಟೆಯ ಉದ್ದ ಬೆಕ್ಕಿನ ಮೈಯುದ್ದದ ಒಂದೂವರೆಯಷ್ಟಿರಲಿ, ಇರುವ ಬೆಕ್ಕುಗಳಿಗಿಂತ ಒಂದು ತಟ್ಟೆ ಹೆಚ್ಚಿರಲಿ.

ಬೇಸಿಗೆ

ಬೆಕ್ಕು ಬೆವರುವುದು ಪಾದದ ಅಡಿಯಲ್ಲಿ ಮಾತ್ರ, ಅದೂ ಅಲ್ಪ. ಮೈ ಬಿಸಿಯಾದಾಗ ತುಪ್ಪಳ ನೆಕ್ಕಿ ಒದ್ದೆ ಮಾಡಿಕೊಳ್ಳುತ್ತದೆ, ತೀರಾ ತಡೆಯಲಾರದಾಗ ತೇಕುತ್ತದೆ. ಮೂಗು ಗಿಡ್ಡವಾದ ಬೆಕ್ಕಿಗೆ ಗಾಳಿ ತಂಪು ಮಾಡುವ ಒದ್ದೆ ಪದರವೇ ಕಡಿಮೆ. ಕಲಬುರಗಿ, ರಾಯಚೂರು, ಬಳ್ಳಾರಿಯ 40 ಡಿಗ್ರಿ ದಾಟುವ ಮಧ್ಯಾಹ್ನಗಳಲ್ಲಿ ಫ್ಯಾನ್ ಒಂದೇ ಸಾಕಾಗುವುದಿಲ್ಲ, ಅದು ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಕೂಲರ್ ಅಥವಾ ಏಸಿ ಇರುವ ಒಂದು ಕೋಣೆ ಬೇಕು. ಮಂಗಳೂರು, ಉಡುಪಿ ಕಡೆ ಉಷ್ಣತೆ ಅಷ್ಟಿಲ್ಲದಿದ್ದರೂ ಗಾಳಿಯಲ್ಲಿ ತೇವ ಹೆಚ್ಚು. ನೆಕ್ಕಿದ ಎಂಜಲೂ ಆರುವುದಿಲ್ಲ, ಹಾಗಾಗಿ 34 ಡಿಗ್ರಿಯೂ ಅಲ್ಲಿ ಕಷ್ಟವೇ. ಅಲ್ಲಿ ಕೂಲರ್ ತೇವವನ್ನು ಇನ್ನೂ ಹೆಚ್ಚಿಸುತ್ತದೆ, ಏಸಿಯೇ ಸರಿ. ರೆಡ್ ಆಕ್ಸೈಡ್ ಅಥವಾ ಕಡಪ ಕಲ್ಲಿನ ನೆಲ ಇರುವ ಮನೆಗಳ ಬೆಕ್ಕುಗಳು ಪುಣ್ಯ ಮಾಡಿವೆ. ಹೊಟ್ಟೆ ಚಾಚಿ ಮಲಗಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಬೆಕ್ಕಿನ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್. ತೇಕುತ್ತ, ಜೊಲ್ಲು ಸುರಿಸುತ್ತ, ತೂರಾಡುತ್ತಿದ್ದರೆ ಬಿಸಿಲಾಘಾತ ಎಂದೇ ತಿಳಿಯಿರಿ. ತುಪ್ಪಳ ಬುಡದವರೆಗೆ ನೆನೆಯುವಂತೆ ನಲ್ಲಿ ನೀರು ಹಾಕಿ, ಫ್ಯಾನ್ ಬಿಡಿ, ವೈದ್ಯರ ಬಳಿಗೆ ಹೊರಡಿ. ಐಸ್ ನೀರು ಹಾಕಬೇಡಿ. ಚರ್ಮದ ರಕ್ತನಾಳಗಳು ಮುದುಡಿ ಒಳಗಿನ ಬಿಸಿ ಹೊರಗೆ ಬರುವುದೇ ನಿಲ್ಲುತ್ತದೆ. ಥರ್ಮಾಮೀಟರ್ ಇದ್ದರೆ 39.5ಕ್ಕೆ ಇಳಿದ ಕೂಡಲೇ ನೀರು ಹಾಕುವುದು ನಿಲ್ಲಿಸಿ.

ಪ್ರಯಾಣ ಬೆಳಗಿನ ಜಾವ ಅಥವಾ ರಾತ್ರಿ ಇರಲಿ. ನಿಲ್ಲಿಸಿದ ಕಾರಿನೊಳಗೆ ಐದು ನಿಮಿಷವೂ ಬಿಟ್ಟು ಹೋಗಬೇಡಿ. ಹೊರದೇಶದಿಂದ ಊರಿಗೆ ಮರಳುವವರು ಟಿಕೆಟ್ ಮಾಡುವ ಮೊದಲೇ ವಿಮಾನ ಸಂಸ್ಥೆಯನ್ನು ಕೇಳಬೇಕು. ಚಪ್ಪಟೆ ಮುಖದ ಬೆಕ್ಕುಗಳನ್ನು ಸರಕು ವಿಭಾಗದಲ್ಲಿ ಒಯ್ಯಲು ಅನೇಕ ಸಂಸ್ಥೆಗಳು ಒಪ್ಪುವುದಿಲ್ಲ, ಆ ನಿರಾಕರಣೆ ಬೆಕ್ಕಿನ ಒಳ್ಳೆಯದಕ್ಕೇ.

ಕಣ್ಣು: ದಿನದ ಐದು ನಿಮಿಷ

ಕಣ್ಣೀರು ಮೂಗಿನ ಪಕ್ಕದ ಮೂಲೆಯಿಂದ ಸಣ್ಣ ನಾಳದ ಮೂಲಕ ಮೂಗಿನೊಳಕ್ಕೆ ಇಳಿಯಬೇಕು. ಎಕ್ಸಾಟಿಕ್‌ನಲ್ಲಿ ಆ ನಾಳ ನೇರವಾಗಿ ಹರಿಯಲು ಜಾಗವಿಲ್ಲದೆ ಕೋರೆಹಲ್ಲಿನ ಬೇರಿನ ಕೆಳಗಿನಿಂದ ಚೂಪಾಗಿ ಬಾಗಿ ಮೇಲೇರುತ್ತದೆ. ನೀರು ಏರಿ ಹರಿಯುವುದಿಲ್ಲ, ಆದ್ದರಿಂದ ಕೆನ್ನೆಯ ಮೇಲೆ ಸುರಿಯುತ್ತದೆ. ಆ ಕಂದು ಕಲೆ ಕೊಳೆಯಲ್ಲ, ಕಣ್ಣೀರಿನಲ್ಲಿರುವ ಪಾರ್ಫಿರಿನ್ ಎಂಬ ವಸ್ತು ಗಾಳಿ ಬೆಳಕಿಗೆ ಬಣ್ಣ ತಿರುಗಿದ್ದು. ನಾಳ ಕಟ್ಟಿಕೊಂಡಿದೆ ಎಂದು ಪದೇ ಪದೇ ತೊಳೆಸಿದರೂ ಹೆಚ್ಚು ಉಪಯೋಗವಾಗುವುದಿಲ್ಲ. ಕಲೆ ಹೋಗಿಸುತ್ತೇವೆ ಎಂದು ಮಾರುವ ಪುಡಿಗಳಿಂದ ನಾಳ ನೇರವಾಗುವುದೂ ಇಲ್ಲ.

ಮಾಡಬೇಕಾದದ್ದು ದಿನಕ್ಕೊಮ್ಮೆ, ಕೆಲವು ಬೆಕ್ಕುಗಳಿಗೆ ಎರಡು ಸಲ, ಒರೆಸುವುದು. ಕುದಿಸಿ ಆರಿಸಿದ ನೀರು ಅಥವಾ ಔಷಧಿ ಅಂಗಡಿಯ ನಾರ್ಮಲ್ ಸಲೈನ್ ತೆಗೆದುಕೊಳ್ಳಿ. ಹತ್ತಿಯ ಎಳೆ ಕಣ್ಣಿಗೆ ಅಂಟುತ್ತದೆ, ಆದ್ದರಿಂದ ಹತ್ತಿಪ್ಯಾಡ್ ಅಥವಾ ತೊಳೆದು ಮೆತ್ತಗಾದ ಪಂಚೆ ಬಟ್ಟೆಯ ಚೂರು ಒಳ್ಳೆಯದು. ಬೆಕ್ಕನ್ನು ಮಡಿಲಲ್ಲಿ ನಿಮಗೆ ಬೆನ್ನು ಮಾಡಿ ಕೂರಿಸಿಕೊಳ್ಳಿ, ಎದುರಿನಿಂದ ಕೈ ಬಂದರೆ ಹೆದರುತ್ತದೆ. ಒಣಗಿದ ಪಿಚ್ಚನ್ನು ಕೀಳಬಾರದು. ಒದ್ದೆ ಬಟ್ಟೆಯನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿದು ನೆನೆಸಿ, ಮೂಗಿನ ಪಕ್ಕದ ಮೂಲೆಯಿಂದ ಹೊರಕ್ಕೆ ಒರೆಸಿ. ಒಂದೊಂದು ಕಣ್ಣಿಗೆ ಒಂದೊಂದು ಚೂರು. ಆಮೇಲೆ ಮೂಗಿನ ಮೇಲಿನ ಮಡಿಕೆ ಬಿಡಿಸಿ ಒರೆಸಿ, ಒಣ ಬಟ್ಟೆಯಿಂದ ತೇವ ತೆಗೆಯಿರಿ. ಈ ಕೊನೆಯ ಕೆಲಸವನ್ನೇ ಹೆಚ್ಚಿನವರು ಮರೆಯುತ್ತಾರೆ. ಮಡಿಕೆ ಒದ್ದೆ ಉಳಿದರೆ ಚರ್ಮ ಕೆಂಪಗಾಗಿ, ವಾಸನೆ ಬಂದು, ಯೀಸ್ಟ್ ಬೆಳೆಯುತ್ತದೆ.

ನೀರಿನಂತಹ ಅಥವಾ ಕಂದು ಸ್ರಾವ ಒರೆಸುವ ವಿಷಯ. ಹಳದಿ, ಹಸಿರು ಕೀವು, ಒಂದೇ ಕಣ್ಣು ಮುಚ್ಚಿಕೊಂಡಿರುವುದು, ಕಣ್ಣಿನ ಮೇಲೆ ಮಸುಕು ಅಥವಾ ಕಂದು, ಕಪ್ಪು ಚುಕ್ಕೆ ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು. ಈ ಬೆಕ್ಕುಗಳ ಕಣ್ಣುಗುಡ್ಡೆ ಆಳವಿಲ್ಲದ ಗೂಡಿನಲ್ಲಿ ಮುಂದೆ ಚಾಚಿರುತ್ತದೆ, ಕೆಲವಕ್ಕೆ ನಿದ್ದೆಯಲ್ಲೂ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಸ್ಪರ್ಶಜ್ಞಾನವೂ ಬೇರೆ ಬೆಕ್ಕುಗಳಿಗಿಂತ ಕಡಿಮೆ. ಗಾಯವಾದರೂ ನೋವು ತೋರಿಸದೆ ಊಟ ಮಾಡಿಕೊಂಡಿರುತ್ತದೆ, ನಮಗೆ ಗೊತ್ತಾಗುವ ಹೊತ್ತಿಗೆ ಗಾಯ ಆಳಕ್ಕಿಳಿದಿರುತ್ತದೆ. ಆ ಕಪ್ಪು ಚುಕ್ಕೆ ಕಾರ್ನಿಯಾದ ಸತ್ತ ಭಾಗ, ಹಲವು ಸಲ ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಬೇಕಾಗುತ್ತದೆ.

ಮನೆಯಲ್ಲಿ ಉಳಿದ ಮನುಷ್ಯರ ಕಣ್ಣಿನ ಡ್ರಾಪ್ಸ್ ಹಾಕಲೇಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದು ಕಣ್ಣಿನಲ್ಲಿ ಹುಣ್ಣೂ ಇದ್ದರೆ ಕಾರ್ನಿಯಾ ಕರಗಿ ತೂತಾಗಬಹುದು. ವೈದ್ಯರು ಹಸಿರು ಹೊಳೆಯುವ ಫ್ಲೋರೆಸಿನ್ ಬಣ್ಣ ಹಾಕಿ ಹುಣ್ಣಿಲ್ಲವೆಂದು ನೋಡಿದ ಮೇಲೆಯೇ ಅಂಥ ಔಷಧಿ ಬರೆಯುತ್ತಾರೆ. ಔಷಧಿಯ ಮಾತು ಬಂದಿದ್ದರಿಂದ ಇನ್ನೆರಡು: ಜ್ವರವೆಂದು ಪ್ಯಾರಸಿಟಮಾಲ್ ಚೂರು ಕೊಟ್ಟರೆ ಬೆಕ್ಕು ಸಾಯುತ್ತದೆ, ನಾಯಿಯ ಉಣ್ಣೆಗೆ ಹಾಕುವ ಪರ್ಮೆತ್ರಿನ್ ಔಷಧಿ ಹಚ್ಚಿದರೂ ಸಾಯಬಹುದು.

ಊಟ

ಬೆಕ್ಕೆಂದರೆ ಹಾಲನ್ನ ಎಂಬುದು ನಮ್ಮ ಮನೆಗಳ ಹಳೆಯ ರೂಢಿ. ತೋಟ, ಕಣಜ ಸುತ್ತುವ ಬೆಕ್ಕು ಉಳಿದದ್ದನ್ನು ಇಲಿ, ಹಲ್ಲಿ ಹಿಡಿದು ಸರಿದೂಗಿಸಿಕೊಳ್ಳುತ್ತಿತ್ತು. ಮನೆಯೊಳಗೇ ಇರುವ ಎಕ್ಸಾಟಿಕ್‌ಗೆ ಆ ದಾರಿ ಇಲ್ಲ. ಬೆಕ್ಕಿನ ದೇಹ ಟೌರಿನ್ ಎಂಬ ಅಮೈನೋ ಆಮ್ಲವನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸದಿಂದಲೇ ಬರಬೇಕು. ಕೊರತೆಯಾದರೆ ಹೃದಯ ಹಿಗ್ಗಿ ದುರ್ಬಲವಾಗುತ್ತದೆ, ಕಣ್ಣಿನ ಅಕ್ಷಿಪಟ ಹಾಳಾಗಿ ಕುರುಡಾಗುತ್ತದೆ. ಮೊಸರನ್ನ, ಚಪಾತಿಯಲ್ಲಿ ಅದು ಸಿಗುವುದಿಲ್ಲ. ಸಸ್ಯಾಹಾರಿ ಮನೆಯವರು ಮಾಂಸ ಮುಟ್ಟಲಾಗದಿದ್ದರೆ ಬೆಕ್ಕಿಗೆಂದೇ ಮಾಡಿದ ಸಂಪೂರ್ಣ ಆಹಾರದ ಪೊಟ್ಟಣ ಕೊಡಲಿ. ಅದಕ್ಕೂ ಮನಸ್ಸೊಪ್ಪದಿದ್ದರೆ ಬೆಕ್ಕು ಸಾಕದಿರುವುದೇ ಬೆಕ್ಕಿಗೆ ಒಳಿತು. ಸಾರು, ಪಲ್ಯದ ಈರುಳ್ಳಿ ಬೆಳ್ಳುಳ್ಳಿ ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಸಂತಾನಹರಣ ಮಾಡಿಸಿದ 4 ಕಿಲೊ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲರಿ ಸಾಕು. ಒಣ ಆಹಾರ 100 ಗ್ರಾಂಗೆ 350ರಿಂದ 400 ಕ್ಯಾಲರಿ ಇರುವುದರಿಂದ ಅಷ್ಟೂ ಒಣ ಆಹಾರವೇ ಆದರೆ 50ರಿಂದ 57 ಗ್ರಾಂ. ಲೋಟದಲ್ಲಿ ಅಳೆಯಬೇಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಎಕ್ಸಾಟಿಕ್ ಶಾಂತ ಸ್ವಭಾವದ್ದು, ಮನೆಯವರ ಹಿಂದೆ ಕೋಣೆಯಿಂದ ಕೋಣೆಗೆ ಸದ್ದಿಲ್ಲದೆ ನಡೆದು ಬಂದು ಪಕ್ಕದಲ್ಲಿ ಕೂರುತ್ತದೆ. ಆ ಪ್ರೀತಿಗೆ ಕರಗಿ ತಿಂಡಿ ಹಾಕುತ್ತ ಹೋದರೆ ಬೊಜ್ಜು ಬೆಳೆಯುತ್ತದೆ, ಗಂಟಲ ಸುತ್ತಲಿನ ಕೊಬ್ಬು ಮೊದಲೇ ಕಿರಿದಾದ ಉಸಿರಿನ ದಾರಿಯನ್ನು ಒತ್ತುತ್ತದೆ. ಪಕ್ಕೆ ಸವರಿದರೆ ಎಲುಬು ಕೈಗೆ ಸಿಗಬೇಕು.

ಬಟ್ಟಲಿನ ಆಕಾರವೂ ಮುಖ್ಯ. ಆಳದ ಬಟ್ಟಲಲ್ಲಿ ಮೂಗು ಮುಳುಗುತ್ತದೆ, ಆಹಾರ ಮಡಿಕೆಗೆ ಅಂಟುತ್ತದೆ. ಅಂಚು ಎತ್ತರವಿಲ್ಲದ ಅಗಲ ತಟ್ಟೆ ಇಡಿ, ಪಿಂಗಾಣಿ ಅಥವಾ ಸ್ಟೀಲಿನದು. ಹಲವು ಚಪ್ಪಟೆ ಮುಖದ ಬೆಕ್ಕುಗಳು ಕಾಳನ್ನು ಹಲ್ಲಿನಿಂದ ಹಿಡಿಯದೆ ನಾಲಗೆಯ ಅಡಿಭಾಗಕ್ಕೆ ಅಂಟಿಸಿಕೊಂಡು ಒಳಗೆಳೆಯುತ್ತವೆ. ಕಾಳು ಜಾರಿ ಬೀಳುತ್ತಿದ್ದರೆ ಆಕಾರ ಬದಲಿಸಿ ನೋಡಿ, ಇಲ್ಲವೇ ಹಸಿ ಆಹಾರ ಕೊಡಿ. ಹಸಿ ಆಹಾರದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ, ಅದು ಮೂತ್ರಪಿಂಡಕ್ಕೂ ಒಳ್ಳೆಯದು. ತಿನ್ನುವಾಗ ತಲೆ ಓರೆ ಮಾಡುವುದು, ಒಂದೇ ಪಕ್ಕದಲ್ಲಿ ಅಗಿಯುವುದು ಹಲ್ಲು ನೋವಿನ ಗುರುತು. ಗಿಡ್ಡ ದವಡೆಯಲ್ಲಿ ಹಲ್ಲುಗಳು ಒಂದರ ಮೇಲೊಂದು ಒತ್ತಿ ಕೂತು ಸಂದಿಯಲ್ಲಿ ಪಾಚಿ ಕಟ್ಟುತ್ತದೆ. ಮರಿಯಿಂದಲೇ ಬೆಕ್ಕಿನ ಪೇಸ್ಟ್ ಹಚ್ಚಿ ಉಜ್ಜುವ ಅಭ್ಯಾಸ ಮಾಡಿಸಿ. ಮನುಷ್ಯರ ಪೇಸ್ಟ್ ಬೇಡ.

ತುಪ್ಪಳ ಮತ್ತು ಗಜಕರ್ಣ

ಗಿಡ್ಡ ಎಂದರೂ ಇದು ಬೀದಿ ಬೆಕ್ಕಿನ ನುಣುಪು ಕೂದಲಲ್ಲ. ಒಳತುಪ್ಪಳ ದಟ್ಟವಾಗಿರುವುದರಿಂದಲೇ ಮೇಲಿನ ಕೂದಲು ಮೈಗೆ ಅಂಟದೆ ನೆಟ್ಟಗೆ ನಿಂತಿರುತ್ತದೆ. ವಾರಕ್ಕೆ ಎರಡು ಸಲ ಸ್ಟೀಲಿನ ಬಾಚಣಿಗೆಯಿಂದ ಬುಡದಿಂದ ಬಾಚಿ. ಕೂದಲು ಉದುರುವ ತಿಂಗಳುಗಳಲ್ಲಿ ದಿನಾ. ಸ್ನಾನ ಮಾಡಿಸಿದರೆ ಮುಖಕ್ಕೆ ನೀರು ಸುರಿಯದೆ, ಬುಡದವರೆಗೆ ಒಣಗುವಂತೆ ನೋಡಿಕೊಳ್ಳಿ. ಮಲೆನಾಡಿನ ಮಳೆಗಾಲದಲ್ಲಿ ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿಯುತ್ತದೆ. ಆ ದಿನಗಳಲ್ಲಿ ಸ್ನಾನ ಬಿಡುವುದೇ ವಾಸಿ.

ಪರ್ಷಿಯನ್ ವಂಶದ ಬೆಕ್ಕುಗಳಲ್ಲಿ ಗಜಕರ್ಣ ಬಂದರೆ ಹಟಮಾರಿ. ಮೈಕ್ರೊಸ್ಪೊರಮ್ ಕೇನಿಸ್ ಎಂಬ ಶಿಲೀಂಧ್ರದಿಂದ ಬರುವ ಇದು ಕಿವಿ, ಮುಖ, ಕಾಲಿನಲ್ಲಿ ದುಂಡಗೆ ಕೂದಲುದುರಿಸುತ್ತದೆ, ಮನೆಯ ಮಕ್ಕಳಿಗೂ ಹತ್ತುತ್ತದೆ. ಕೆಲವು ಬೆಕ್ಕುಗಳು ಮೈಮೇಲೆ ಏನೂ ತೋರಿಸದೆ ಬೀಜಕಣ ಹೊತ್ತು ತಿರುಗುತ್ತವೆ. ಕಲೆ ಮಾಸಿತೆಂದು ಗುಳಿಗೆ ನಿಲ್ಲಿಸಿದರೆ ತಿಂಗಳೊಳಗೆ ಮರಳುತ್ತದೆ. ಕೂದಲಿನ ಕಲ್ಚರ್ ಪರೀಕ್ಷೆಯಲ್ಲಿ ಶಿಲೀಂಧ್ರ ಇಲ್ಲವೆಂದು ಬರುವವರೆಗೆ ಚಿಕಿತ್ಸೆ ಮುಂದುವರಿಸಿ, ಹಾಸಿಗೆ ಹೊದಿಕೆ ಒಗೆದು, ಉದುರಿದ ಕೂದಲನ್ನು ದಿನಾ ತೆಗೆಯಿರಿ.

ಅರಿವಳಿಕೆ ಮತ್ತು ಮೂತ್ರಪಿಂಡ

ಸಂತಾನಹರಣವೇ ಇರಲಿ, ಹಲ್ಲಿನ ಕೆಲಸವೇ ಇರಲಿ, ಚಪ್ಪಟೆ ಮುಖದ ಬೆಕ್ಕಿಗೆ ಅರಿವಳಿಕೆಯಿಂದ ಎಚ್ಚರವಾಗುವ ಹೊತ್ತು ಅಪಾಯದ್ದು. ಉಸಿರಿನ ಕೊಳವೆ ತೆಗೆದೊಡನೆ ಸಡಿಲವಾದ ಅಂಗುಳು ದಾರಿ ಮುಚ್ಚಬಹುದು. ಆಸ್ಪತ್ರೆ ಆರಿಸುವಾಗ ಸಂಕೋಚವಿಲ್ಲದೆ ಮೂರು ಪ್ರಶ್ನೆ ಕೇಳಿ: ಅರಿವಳಿಕೆಗೆ ಮುಂಚೆ ಆಕ್ಸಿಜನ್ ಕೊಡುತ್ತೀರಾ, ಕೊಳವೆ ಹಾಕುತ್ತೀರಾ, ಪೂರ್ತಿ ಎಚ್ಚರವಾಗುವವರೆಗೆ ಒಬ್ಬರು ಪಕ್ಕದಲ್ಲಿ ಇರುತ್ತಾರಾ? ಮೂರಕ್ಕೂ ಹೌದು ಅನ್ನದ ಕಡೆ ಮಾಡಿಸಬೇಡಿ. ಮರಿ ಹಾಕಿಸುವ ಆಸೆಯೂ ಬೇಡ. ಮರಿಗಳ ತಲೆ ದೊಡ್ಡದು, ಹೆರಿಗೆ ಕಷ್ಟ. ಜೊತೆಗೆ ಈ ತಳಿಯಲ್ಲಿ ಬಿ ರಕ್ತದ ಗುಂಪಿನ ಬೆಕ್ಕುಗಳಿದ್ದು, ಅಂಥ ತಾಯಿಯ ಮೊದಲ ಹಾಲು ಕುಡಿದ ಎ ಗುಂಪಿನ ಮರಿಗಳ ರಕ್ತಕಣ ಒಡೆದು ಕೆಲವೇ ದಿನಗಳಲ್ಲಿ ಸಾಯುತ್ತವೆ.

ಪರ್ಷಿಯನ್‌ನಿಂದ ಬಂದ ಇನ್ನೊಂದು ಆಸ್ತಿ ಪಿಕೆಡಿ, ಅಂದರೆ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು. ತಂದೆ ತಾಯಿಯಲ್ಲಿ ಒಬ್ಬರಿಂದ ದೋಷದ ಜೀನ್ ಬಂದರೂ ಸಾಕು, ರೋಗ ಬರುತ್ತದೆ. ದೋಷವಿರುವ ಬೆಕ್ಕಿನ ಮರಿಗಳಲ್ಲಿ ಸರಾಸರಿ ಅರ್ಧಕ್ಕೆ ಅದು ದಾಟುತ್ತದೆ. 2004ರಲ್ಲಿ ಅಮೆರಿಕದ ಲೆಸ್ಲಿ ಲಯನ್ಸ್ ಅವರ ತಂಡ ಈ ಜೀನ್ ದೋಷವನ್ನು ಗುರುತಿಸಿತು. ಅಂದಿನಿಂದ ಕೆನ್ನೆಯ ಒಳಭಾಗ ಹತ್ತಿಯಿಂದ ಸವರಿ ಡಿಎನ್‌ಎ ಪರೀಕ್ಷೆ ಮಾಡಿಸಬಹುದಾಗಿದೆ. ಮರಿ ಮಾರುವವರ ಬಳಿ ತಂದೆ ತಾಯಿಯ ಆ ವರದಿ ಕೇಳಿ, ಅಂದದ ವಂಶಾವಳಿ ಪತ್ರಕ್ಕಿಂತ ಅದರ ಬೆಲೆ ದೊಡ್ಡದು. ವರದಿ ಇಲ್ಲದ ಬೆಕ್ಕಿಗೆ 10 ತಿಂಗಳು ದಾಟಿದ ಮೇಲೆ ಅಲ್ಟ್ರಾಸೌಂಡ್ ಮಾಡಿಸಿ. ಗುಳ್ಳೆಗಳು ಹುಟ್ಟಿನಿಂದಲೇ ಇದ್ದರೂ ಲಕ್ಷಣ ಕಾಣುವುದು ಸರಾಸರಿ 7 ವರ್ಷದ ಹೊತ್ತಿಗೆ: ನೀರು ಹೆಚ್ಚು ಕುಡಿಯುವುದು, ಮರಳು ತಟ್ಟೆಯಲ್ಲಿ ದೊಡ್ಡ ದೊಡ್ಡ ಉಂಡೆಗಳು, ತೂಕ ಇಳಿಯುವುದು. ವಾಸಿಯಾಗುವ ಕಾಯಿಲೆಯಲ್ಲ. ಬೇಗ ಗೊತ್ತಾದರೆ ಮೂತ್ರಪಿಂಡಕ್ಕೆ ಹೊಂದುವ ಆಹಾರ, ಹೆಚ್ಚು ನೀರು, ರಕ್ತದೊತ್ತಡದ ಔಷಧಿಯಿಂದ ಒಳ್ಳೆಯ ವರ್ಷಗಳನ್ನು ಕೊಡಬಹುದು. ಅದಕ್ಕೇ ಪ್ರತಿ ತಿಂಗಳ ಮೊದಲ ಭಾನುವಾರ ಬೆಕ್ಕನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ನಿಮ್ಮ ತೂಕ ಕಳೆದು, ಬಂದ ಸಂಖ್ಯೆಯನ್ನು ಉಸಿರಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. 4 ಕಿಲೊ ಬೆಕ್ಕು 400 ಗ್ರಾಂ ಇಳಿದಿದ್ದರೆ ದಟ್ಟ ತುಪ್ಪಳದಡಿ ಕಣ್ಣಿಗೆ ಕಾಣುವುದೇ ಇಲ್ಲ, ತಕ್ಕಡಿಗೆ ಕಾಣುತ್ತದೆ.